ಭೀಮಥಡಿ ಕುದುರೆ

ಭೀಮಾ ಕಣಿವೆಯ ಗಟ್ಟಿಮುಟ್ಟಾದ ಗಿಡ್ಡ ಕುದುರೆ ತಳಿ. ದಖ್ಖನಿ ಎಂದೂ ಕರೆಯುತ್ತಾರೆ. ಅಫಜಲಪುರ, ಜೇವರ್ಗಿ ಸೀಮೆಗೆ ಹರಿದು ಬರುವ ಈ ಹೊಳೆಯ ಮೇಲ್ದಂಡೆಯಲ್ಲಿ, ಪುಣೆ-ಸೊಲ್ಲಾಪುರದ ಕಡೆ, ಮರಾಠರ ಅಶ್ವದಳದಲ್ಲಿ ಹೆಸರು ಮಾಡಿದ ತಳಿಯಿದು. ಇಂದು ಧನಗರ ಕುರಿಗಾರರ ಗಂಟುಮೂಟೆ, ಎಳೆ ಮರಿಗಳನ್ನು ಹೊತ್ತು ಮಂದೆಯೊಂದಿಗೆ ನಡೆಯುತ್ತದೆ. ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ಪ್ರತ್ಯೇಕ ತಳಿಯಾಗಿ ನೋಂದಾಯಿಸಿದೆ.

ಮದುವೆ ಮೆರವಣಿಗೆಗೆ, ಕುಣಿತದ ಪ್ರದರ್ಶನಕ್ಕೆ ಬೇಡಿಕೆಯಿರುವುದು ಮಾತ್ರ ಕಿವಿತುದಿ ಒಳಬಾಗಿದ ಮಾರವಾಡಿ, ಕಾಠಿಯಾವಾಡಿ ಕುದುರೆಗಳಿಗೆ. ಮುಳ್ಳಿನ ಕಡಿವಾಣವಿಲ್ಲದೆ ಗದ್ದಲದಲ್ಲಿ ಅವು ಹತೋಟಿಗೆ ಬರುವುದಿಲ್ಲ ಎಂಬ ವಾದವುಂಟು. ಜನರ ಸುರಕ್ಷತೆಯ ಆತಂಕ ನಿಜ, ಉಪಾಯ ತಪ್ಪು. ಕಡಿವಾಣ ಕೂರುವುದು ಮುಂಬಲ್ಲಿಗೂ ದವಡೆಹಲ್ಲಿಗೂ ನಡುವಿನ ಬರಿ ಒಸಡಿನ ಮೇಲೆ. ಅಲ್ಲಿ ತೆಳುಪೊರೆಯ ಕೆಳಗೇ ಎಲುಬು. ಮುಳ್ಳು ಚುಚ್ಚಿದಾಗ ಕುದುರೆ ತಲೆಯೆತ್ತಿ, ಬಾಯಿ ತೆರೆದು ತಪ್ಪಿಸಿಕೊಳ್ಳಲು ಹೆಣಗುತ್ತದೆ. ನೋಡುವವರಿಗೆ ಅದೇ ಠೀವಿಯಾಗಿ ಕಾಣುವುದು ದುಃಖದ ಸಂಗತಿ. ನೋವಿಗೆ ಬೆದರಿದ ಕುದುರೆಯೇ ಜನರ ಮೇಲೆ ನುಗ್ಗುವ ಸಂಭವ ಹೆಚ್ಚು. ಭಾರ ಎಳೆಯುವ, ಹೊರುವ ಪ್ರಾಣಿಗಳ 1965ರ ಕೇಂದ್ರ ನಿಯಮಗಳು ಹೇರು ಹೊರುವ ತಟ್ಟುವಿಗೆ 70 ಕಿಲೋ ಮಿತಿ ಹಾಕಿವೆ; ಸವಾರಿಗಾಗಲಿ ಗಾಡಿಗಾಗಲಿ ಮುಳ್ಳಿನ ಕಡಿವಾಣ ಬಳಸುವುದನ್ನು ನಿಷೇಧಿಸಿವೆ. ಎಳವೆಯಿಂದಲೇ ಡೊಳ್ಳು, ಪಟಾಕಿಗಳ ಸದ್ದನ್ನು ದೂರದಿಂದ ಮೆಲ್ಲಗೆ ರೂಢಿಸಿದ ಕುದುರೆಗೆ ನುಣುಪಾದ ಕಡಿವಾಣವೇ ಸಾಕು.