ಎಂ13/40: ಇಟಲಿಯ ಮಧ್ಯಮ ಟ್ಯಾಂಕ್

ಎಂ13/40 ಎರಡನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಇಟಲಿಯ ಸೇನೆ ನೆಚ್ಚಿಕೊಂಡಿದ್ದ ಮುಖ್ಯ ಟ್ಯಾಂಕ್. ಮಧ್ಯಮ ವರ್ಗ, 13 ಟನ್, 1940ನೇ ಇಸವಿ ಎಂಬ ಮೂರು ವಿವರಗಳೂ ಹೆಸರಿನಲ್ಲೇ ಅಡಕವಾಗಿವೆ. ಜಿನೋವಾದ ಅನ್ಸಾಲ್ಡೊ ಸಂಸ್ಥೆ ಇಂಥ ಸುಮಾರು 700 ಟ್ಯಾಂಕುಗಳನ್ನು ತಯಾರಿಸಿತು. ಲಿಬಿಯ, ಈಜಿಪ್ಟ್ ಮತ್ತು ಗ್ರೀಸ್‌ಗಳಲ್ಲಿ ಕಾದಿದ ಈ ಟ್ಯಾಂಕುಗಳಲ್ಲಿ ಉಳಿದಿರುವುದು ಕೆಲವೇ ಕೆಲವು. ಅವುಗಳನ್ನು ಇಂದು ದುರಸ್ತಿ ಮಾಡಿ, ಬಣ್ಣ ಬಳಿದು ಸೇನಾ ವಸ್ತುಸಂಗ್ರಹಾಲಯಗಳಲ್ಲಿ ಇರಿಸಲಾಗಿದೆ.

1930ರ ದಶಕದಲ್ಲಿ ಇಟಲಿಯ ಸೇನಾಧಿಕಾರಿಗಳು ಮುಂದಿನ ಯುದ್ಧ ಆಲ್ಪ್ಸ್ ಬೆಟ್ಟಗಳಲ್ಲೇ ನಡೆಯುತ್ತದೆ ಎಂದು ನಂಬಿದ್ದರು. ಬೆಟ್ಟದ ಇಕ್ಕಟ್ಟು ದಾರಿಗಳಿಗೆ ಹೊಂದುವ ಎಲ್3 ಎಂಬ ಮೂರು ಟನ್ನಿನ ಪುಟ್ಟ ವಾಹನವನ್ನು ಸಾವಿರಗಟ್ಟಲೆ ಕಟ್ಟಿದರು. ಅದರಲ್ಲಿ ಇಬ್ಬರು ಕೂರಬಹುದಿತ್ತು, ಆಯುಧವೆಂದರೆ ಮೆಷಿನ್‌ಗನ್ ಮಾತ್ರ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ 45 ಮಿಲಿಮೀಟರ್ ತೋಪಿನ ಸೋವಿಯತ್ ಟಿ-26 ಟ್ಯಾಂಕುಗಳು ಎದುರಾದಾಗ ಎಲ್3 ಏನೂ ಮಾಡಲಾರದೆ ಹೋಯಿತು. ಆ ಪಾಠದಿಂದ ಹುಟ್ಟಿದ್ದು ಎಂ11/39. ಆದರೆ ಅದರಲ್ಲೂ 37 ಮಿಲಿಮೀಟರ್ ತೋಪನ್ನು ತಿರುಗುವ ಗೋಪುರದಲ್ಲಿ ಇರಿಸದೆ ಒಡಲಿನ ಒಂದು ಬದಿಗೆ ಜೋಡಿಸಿದ್ದರು. ಎದುರಾಳಿ ಪಕ್ಕದಿಂದ ಬಂದರೆ ಇಡೀ ಟ್ಯಾಂಕನ್ನೇ ತಿರುಗಿಸಬೇಕಿತ್ತು. ನೂರಕ್ಕೆ ಅದರ ತಯಾರಿಕೆ ನಿಂತಿತು.

ಎಂ11/39ರ ಕೊನೆಯ ದಿನಗಳಿಗೆ ಭಾರತೀಯ ಸೈನಿಕರ ನಂಟಿದೆ. 1940ರ ಡಿಸೆಂಬರ್ 9ರ ಬೆಳಗಿನ ಜಾವ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇಟಲಿಯ ನಿಬೇವಾ ಶಿಬಿರದ ಮೇಲೆ ಬ್ರಿಟಿಷರ ಮಟಿಲ್ಡಾ ಟ್ಯಾಂಕುಗಳು ನುಗ್ಗಿದವು. ಅವುಗಳ ಬೆನ್ನಿಗೇ 4ನೇ ಭಾರತೀಯ ಡಿವಿಷನ್ನಿನ 11ನೇ ಬ್ರಿಗೇಡ್ ನುಗ್ಗಿತು. ಶಿಬಿರದ ಹೊರಗೆ ನಿಲ್ಲಿಸಿದ್ದ ಇಪ್ಪತ್ತಕ್ಕೂ ಹೆಚ್ಚು ಎಂ11 ಟ್ಯಾಂಕುಗಳ ಸಿಬ್ಬಂದಿ ಸಜ್ಜಾಗುವ ಮೊದಲೇ ಅವು ನಾಶವಾದವು. ಶಿಬಿರದ ದಂಡನಾಯಕ ಜನರಲ್ ಪಿಯೆತ್ರೊ ಮಲೆಟ್ಟಿ ಅಲ್ಲಿಯೇ ಹೋರಾಡುತ್ತ ಮಡಿದರು.

ಎಂ13/40ರಲ್ಲಿ ಮುಖ್ಯ ತಪ್ಪನ್ನು ತಿದ್ದಿದ್ದರು. 47 ಮಿಲಿಮೀಟರ್ ತೋಪು ಗೋಪುರಕ್ಕೆ ಏರಿತು. ಇದು ಆಸ್ಟ್ರಿಯದ ಬೋಲರ್ ಸಂಸ್ಥೆಯ ವಿನ್ಯಾಸ. 1940ರ ಮಟ್ಟಿಗೆ ಒಳ್ಳೆಯ ತೋಪೆಂದೇ ಹೇಳಬೇಕು. ಬ್ರಿಟಿಷರ ‘ಎರಡು ಪೌಂಡರ್’ ಎಂಬ ಟ್ಯಾಂಕ್ ತೋಪಿಗೆ ಉಕ್ಕನ್ನು ಕೊರೆಯುವ ಗುಂಡಷ್ಟೇ ಇತ್ತು. ಇಟಲಿಯ ತೋಪು ಅದರ ಜೊತೆಗೆ ಸಿಡಿಗುಂಡನ್ನೂ ಹಾರಿಸುತ್ತಿತ್ತು. ಮರೆಯಲ್ಲಿ ಕೂತ ಫಿರಂಗಿ ಪಡೆಯ ಮೇಲೆ ಅದು ಬಲು ಉಪಯುಕ್ತ. ಬ್ರಿಟಿಷರ ಹಗುರ ಟ್ಯಾಂಕುಗಳನ್ನೂ ವೇಗದ ಕ್ರೂಸರ್ ಟ್ಯಾಂಕುಗಳನ್ನೂ ಅದು ಸುಲಭವಾಗಿ ಭೇದಿಸುತ್ತಿತ್ತು. ದಪ್ಪ ಕವಚದ ಮಟಿಲ್ಡಾದ ಮುಂದೆ ಮಾತ್ರ ಆಟ ನಡೆಯುತ್ತಿರಲಿಲ್ಲ.

ಒಳಗೆ ನಾಲ್ವರು. ಮುಂದೆ ಚಾಲಕ ಮತ್ತು ಮೆಷಿನ್‌ಗನ್ನಿನವನು, ಗೋಪುರದಲ್ಲಿ ಕಮಾಂಡರ್ ಮತ್ತು ಗುಂಡು ತುಂಬುವವನು. ಗುರಿ ಹಿಡಿದು ತೋಪು ಹಾರಿಸುವ ಕೆಲಸವೂ ಕಮಾಂಡರನದೇ. ಸುತ್ತಲಿನ ರಣರಂಗವನ್ನು ನೋಡಬೇಕಾದವನ ಕಣ್ಣು ದುರ್ಬೀನಿಗೆ ಅಂಟಿಕೊಂಡಿರುತ್ತಿತ್ತು. ಮೊದಲ ತಂಡದ ಹೆಚ್ಚಿನ ಟ್ಯಾಂಕುಗಳಲ್ಲಿ ರೇಡಿಯೋ ಇರಲಿಲ್ಲ; ಧೂಳಿನ ನಡುವೆ ಬಾವುಟ ಬೀಸಿ ಆಜ್ಞೆ ಕೊಡಬೇಕಿತ್ತು. 125 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುವುದಿಲ್ಲ ಎಂಬುದು ಸಿಬ್ಬಂದಿಗೆ ಸಮಾಧಾನದ ಸಂಗತಿಯಾಗಿದ್ದರೂ ಅಷ್ಟು ತೂಕಕ್ಕೆ ಆ ಶಕ್ತಿ ಸಾಲುತ್ತಿರಲಿಲ್ಲ. ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಓಡುವ ಗಾಡಿ ಮರಳಿನಲ್ಲಿ ಏದುಸಿರು ಬಿಡುತ್ತಿತ್ತು. ಎಂಜಿನ್ನಿಗೆ ಮರಳು ನುಗ್ಗಿ ಕೆಟ್ಟು ನಿಂತ ಟ್ಯಾಂಕುಗಳೂ ಬಹಳ.

ಟ್ಯಾಂಕಿನ ಎದುರು ನಿಂತರೆ ಮೊದಲು ಕಾಣುವುದು ಬೋಲ್ಟುಗಳ ಸಾಲು. ಒಡಲಿನ ಮುಂಭಾಗದಲ್ಲಿ 30 ಮಿಲಿಮೀಟರ್, ಪಕ್ಕಗಳಲ್ಲಿ 25 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆಗಳನ್ನು ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದಿದ್ದಾರೆ, ಬೆಸುಗೆ ಹಾಕಿಲ್ಲ. ಒಂದೊಂದು ಬೋಲ್ಟಿನ ತಲೆಯೂ ಹೊರಗೆ ಗುಂಡಗೆ ಉಬ್ಬಿ ನಿಂತಿದೆ. ಶತ್ರುವಿನ ಗುಂಡು ಬಡಿದಾಗ ಕವಚ ತೂತಾಗದಿದ್ದರೂ ಬೋಲ್ಟು ಮುರಿದು ಒಳಗೆ ಸಿಡಿದು ಸಿಬ್ಬಂದಿಯನ್ನು ಗಾಯಗೊಳಿಸುವ ಅಪಾಯವಿತ್ತು. ಉಕ್ಕಿನ ಗುಣಮಟ್ಟವೂ ಕಡಿಮೆ. ಏಟಿಗೆ ಬಿರುಕು ಬಿಡುತ್ತಿತ್ತು. ಸೈನಿಕರು ಮರಳಿನ ಚೀಲಗಳನ್ನೂ ಬದಲಿ ಚೈನ್‌ಪಟ್ಟಿಯ ತುಂಡುಗಳನ್ನೂ ಮುಂಭಾಗಕ್ಕೆ ಪೇರಿಸಿಕೊಳ್ಳುತ್ತಿದ್ದರು. ಇದರಿಂದ ತೂಕ ಇನ್ನಷ್ಟು ಹೆಚ್ಚಿ ಎಂಜಿನ್ ಇನ್ನಷ್ಟು ಬಳಲಿತು.

1941ರ ಫೆಬ್ರುವರಿ 5ರಿಂದ 7ರವರೆಗೆ ಲಿಬಿಯದ ಬೇಡಾ ಫೊಮ್ ಬಳಿ ನಡೆದ ಕಾಳಗ ಈ ಟ್ಯಾಂಕಿನ ಚರಿತ್ರೆಯ ಅತ್ಯಂತ ಕಹಿ ಅಧ್ಯಾಯ. ಹಿಮ್ಮೆಟ್ಟುತ್ತಿದ್ದ ಇಟಲಿಯ 10ನೇ ಸೇನೆಯ ದಾರಿಯನ್ನು ಬ್ರಿಟಿಷರು ಅಡ್ಡಗಟ್ಟಿದರು. ಇಟಲಿಯ ಬಳಿ ನೂರಕ್ಕೂ ಹೆಚ್ಚು ಎಂ13 ಟ್ಯಾಂಕುಗಳಿದ್ದವು. ಅವುಗಳನ್ನು ಒಟ್ಟಾಗಿ ನುಗ್ಗಿಸಿದ್ದರೆ ದಾರಿ ತೆರೆಯುವ ಸಾಧ್ಯತೆ ಇತ್ತು. ಸಣ್ಣ ಸಣ್ಣ ಗುಂಪುಗಳಾಗಿ, ಒಂದರ ಹಿಂದೊಂದು ಕಳುಹಿಸಿದ್ದರಿಂದ ದಿಬ್ಬದ ಮರೆಯಲ್ಲಿದ್ದ ಬ್ರಿಟಿಷ್ ಟ್ಯಾಂಕುಗಳಿಗೆ ಅವು ಸುಲಭದ ಗುರಿಯಾದವು. ಇಟಲಿಯ ಟ್ಯಾಂಕ್ ಸೈನಿಕರು ಪುಕ್ಕಲರು ಎಂಬ ಯುದ್ಧಕಾಲದ ಪ್ರಚಾರ ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ರೇಡಿಯೋ ಇಲ್ಲದೆ, ತೆಳು ಕವಚದ ಹಿಂದೆ ಕೂತು ಮತ್ತೆ ಮತ್ತೆ ಮುನ್ನುಗ್ಗಿದವರ ಬಗ್ಗೆ ಆ ಮಾತು ಆಡುವುದು ಅನ್ಯಾಯವೇ ಸರಿ. ಸೋತದ್ದು ಅವರ ಧೈರ್ಯವಲ್ಲ, ಅವರನ್ನು ನಡೆಸಿದ ವ್ಯವಸ್ಥೆ.

ಸೆರೆ ಸಿಕ್ಕ ಟ್ಯಾಂಕುಗಳನ್ನು ಗೆದ್ದವರು ಬಳಸಿಕೊಂಡರು. ಬೇಡಾ ಫೊಮ್‌ಗೂ ಮೊದಲು ನಡೆದ ಲಿಬಿಯದ ಟೊಬ್ರುಕ್ ದಾಳಿಯಲ್ಲಿ ಆಸ್ಟ್ರೇಲಿಯದ ಅಶ್ವದಳದವರು ಎಂ11 ಮತ್ತು ಎಂ13ಗಳನ್ನೇ ಓಡಿಸಿದರು. ತಮ್ಮವರೇ ಗುಂಡು ಹಾರಿಸದಿರಲೆಂದು ಅವುಗಳ ಮೇಲೆ ದೊಡ್ಡದಾಗಿ ಬಿಳಿ ಕಾಂಗರೂ ಚಿತ್ರ ಬರೆದಿದ್ದರು.

ಆ ಚಳಿಗಾಲದ ಕಾರ್ಯಾಚರಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇಟಲಿ ಸೈನಿಕರು ಸೆರೆಯಾದರು. ಅವರಲ್ಲಿ ಸಾವಿರಾರು ಮಂದಿಯನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಿ ಡೆಹ್ರಾಡೂನ್, ಯೋಲ್, ಭೋಪಾಲ್ ಮತ್ತು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಲಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎದ್ದ ಯುದ್ಧಕಾಲದ ಆಸ್ಪತ್ರೆಯ ಕಟ್ಟಡಗಳಲ್ಲಿ ಈ ಕೈದಿಗಳ ದುಡಿಮೆ ಇದೆ.

ಆ ಸೋಲಿನ ನಂತರವೂ ಎಂ13ರ ಕಾಳಗ ನಿಲ್ಲಲಿಲ್ಲ. 1941ರ ನವೆಂಬರ್ 19ರಂದು ಲಿಬಿಯದ ಬೀರ್ ಎಲ್ ಗುಬಿಯಲ್ಲಿ ಇಟಲಿಯ ಅರಿಯೆತೆ ಟ್ಯಾಂಕ್ ಡಿವಿಷನ್ನಿನ ಎಂ13ಗಳು ಬ್ರಿಟಿಷರ 22ನೇ ಆರ್ಮರ್ಡ್ ಬ್ರಿಗೇಡನ್ನು ತಡೆದು ನಿಲ್ಲಿಸಿದವು. ಫಿರಂಗಿ ಪಡೆ ಮತ್ತು ಕಾಲಾಳುಗಳ ಜೊತೆ ಕೂಡಿ ಕಾದಿದರೆ ಈ ಟ್ಯಾಂಕ್ ಏನು ಮಾಡಬಲ್ಲದು ಎಂಬುದು ಅಲ್ಲಿ ಗೊತ್ತಾಯಿತು. 1942ರ ಮೇ 27ರ ಬೆಳಗ್ಗೆ ಅದೇ ಡಿವಿಷನ್, ಎಂ13 ಮತ್ತು ಅದರ ಸುಧಾರಿತ ರೂಪ ಎಂ14/41ಗಳೊಡನೆ, ಬೀರ್ ಹಕೀಮ್‌ನ ಆಗ್ನೇಯಕ್ಕೆ ಬೀಡುಬಿಟ್ಟಿದ್ದ 3ನೇ ಭಾರತೀಯ ಮೋಟಾರ್ ಬ್ರಿಗೇಡಿನ ಮೇಲೆ ಬಿತ್ತು. ಭಾರತೀಯರ ಬಳಿ ಟ್ಯಾಂಕುಗಳಿರಲಿಲ್ಲ. 2ನೇ ಭಾರತೀಯ ಫೀಲ್ಡ್ ರೆಜಿಮೆಂಟಿನ ತೋಪುಗಾರರು ಟ್ಯಾಂಕುಗಳಿಗೆ ನೇರ ಗುರಿಯಿಟ್ಟು ಹೋರಾಡಿದರು. ಕೊನೆಗೆ ನೆಲೆ ಕುಸಿಯಿತು. ಬ್ರಿಟಿಷ್ ನೌಕಾಪಡೆಯ ನಿವೃತ್ತ ಅಡ್ಮಿರಲ್, 70 ವರ್ಷದ ವಾಲ್ಟರ್ ಕೋವನ್ ಕೂಡ ಅಲ್ಲಿದ್ದರು. ರಿವಾಲ್ವರ್ ಹಿಡಿದು ಟ್ಯಾಂಕನ್ನು ಎದುರಿಸಿ ಸೆರೆಯಾದರು. ಅದೇ ದಿನ ಸ್ವತಂತ್ರ ಫ್ರೆಂಚ್ ಪಡೆಯ ಬೀರ್ ಹಕೀಮ್ ನೆಲೆಗೆ ಲಗ್ಗೆ ಹಾಕಿದ ಅರಿಯೆತೆ ನೆಲಬಾಂಬು ಮತ್ತು ತೋಪುಗಳಿಗೆ ಸಿಕ್ಕಿ ಸುಮಾರು 30 ಟ್ಯಾಂಕುಗಳನ್ನು ಕಳೆದುಕೊಂಡಿತು. ನವೆಂಬರ್ 4ರಂದು ಎಲ್ ಅಲಮೇನ್‌ನಲ್ಲಿ, ಅಮೆರಿಕದ ಶರ್ಮನ್‌ಗಳೂ ಬ್ರಿಟಿಷರ ಕೈಸೇರಿದ್ದ ಹೊತ್ತಿನಲ್ಲಿ, ಆ ಡಿವಿಷನ್ ಸುತ್ತುವರಿಯಲ್ಪಟ್ಟು ನಾಶವಾಯಿತು. ಇದೇ ತಳಗಟ್ಟಿನ ಮೇಲೆ ಕಟ್ಟಿದ ಸೆಮೊವೆಂತೆ 75/18 ಎಂಬ ಚಲಿಸುವ ತೋಪು ಮಾತ್ರ ಮುಂದೆಯೂ ಒಳ್ಳೆಯ ಹೆಸರು ಉಳಿಸಿಕೊಂಡಿತು.

ಯುದ್ಧದ ನಂತರ ಹೆಚ್ಚಿನವು ಗುಜರಿಗೆ ಹೋದವು. ಎಂ14/41 ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿದೆ. ಎಲ್ ಅಲಮೇನ್ ಸೇನಾ ಸಂಗ್ರಹಾಲಯದ ಅಂಗಳದಲ್ಲಿ ಎಂ13/40 ನಿಂತಿದೆ. ಇಂಥ ಟ್ಯಾಂಕಿನ ದುರಸ್ತಿಯಲ್ಲಿ ಬೋಲ್ಟಿನ ಜೋಡಣೆಯೇ ಅನುಕೂಲ: ಹಲಗೆಗಳನ್ನು ಬಿಚ್ಚಿ ತುಕ್ಕು ಕೆರೆದು ಮತ್ತೆ ಕೂರಿಸಬಹುದು. ಕಷ್ಟವಿರುವುದು ಎಂಜಿನ್ ಬಿಡಿಭಾಗಗಳಲ್ಲಿ ಮತ್ತು ಬಣ್ಣದಲ್ಲಿ. ಗೋಪುರದ ನೆತ್ತಿಯ ಬಿಳಿ ವೃತ್ತ ವಿಮಾನಗಳಿಗೆ ಗುರುತಾಗಲೆಂದು ಬಳಿದದ್ದು. ಗೋಪುರದ ಬದಿಯ ಆಯತ ಕೆಂಪಾದರೆ ಮೊದಲ ಕಂಪನಿ, ತಿಳಿನೀಲಿಯಾದರೆ ಎರಡನೆಯದು, ಹಳದಿಯಾದರೆ ಮೂರನೆಯದು. ಅದರೊಳಗಿನ ಬಿಳಿ ಗೆರೆಗಳು ಪ್ಲಟೂನಿನ ಸಂಖ್ಯೆ. ಅಂದಾಜಿನಲ್ಲಿ ಬಣ್ಣ ಹಚ್ಚಿದರೆ ಟ್ಯಾಂಕು ತಾನು ಕಾಣದ ಕಂಪನಿಯ ಪಾಲಾಗುತ್ತದೆ. ಗುಂಡು ಬಿದ್ದ ತೂತನ್ನು ತುಂಬಿ ನುಣುಪು ಮಾಡುವುದೂ ಸಲ್ಲದು. ಒಳಗಿದ್ದವರಿಗೆ ಏನಾಯಿತು ಎಂಬುದಕ್ಕೆ ಅದೊಂದೇ ಸಾಕ್ಷಿ.

ಎಲ್ ಅಲಮೇನ್ ಅಲೆಕ್ಸಾಂಡ್ರಿಯದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರ. ಟ್ಯಾಂಕು ನೋಡಲು ಹೋಗುವವರು ಅಲ್ಲಿನ ಯುದ್ಧಸ್ಮಶಾನಕ್ಕೂ ಹೋಗಬೇಕು. ಈಜಿಪ್ಟ್ ಮತ್ತು ಲಿಬಿಯದಲ್ಲಿ ಮಡಿದು ದಹನಸಂಸ್ಕಾರ ಪಡೆದ 600ಕ್ಕೂ ಹೆಚ್ಚು ಯೋಧರ ಸ್ಮಾರಕ ಅಲ್ಲಿದೆ.