ಹೃದಯಕ್ಕೆ ಕೃತಕ ವಾಲ್ವ್: ಮೆಕ್ಯಾನಿಕಲ್ಲೋ, ಟಿಶ್ಯೂವೋ?

ವಾಲ್ವ್ ಬದಲಿಸಬೇಕು ಅಂತ ಡಾಕ್ಟರ್ ಹೇಳಿದ ಕೂಡಲೇ ಮನೆಯವರು ಕೇಳುವುದು ‘ಯಾವ ವಾಲ್ವ್ ಒಳ್ಳೆಯದು?’ ಎಂದು. ಗಡಹಿಂಗ್ಲಜ, ಇಚಲಕರಂಜಿಯಂಥ ಊರುಗಳ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಕೊಲ್ಹಾಪುರ, ಬೆಳಗಾವಿ ಅಥವಾ ಪುಣೆಯಲ್ಲಿ ನಡೆಯಬಹುದು. ಆದರೆ ಆಮೇಲಿನ ಬದುಕು ಊರಿನಲ್ಲೇ ಸಾಗಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ: ‘ಯಾವ ವಾಲ್ವ್ ನಮ್ಮಿಂದ ನಿಭಾಯಿಸಲು ಸಾಧ್ಯ?’

ಎರಡು ಬಗೆ

ಮೆಕ್ಯಾನಿಕಲ್ ವಾಲ್ವ್ ಕಾರ್ಬನ್, ಲೋಹದಂಥ ವಸ್ತುಗಳಿಂದ ತಯಾರಾಗುತ್ತದೆ. ದಶಕಗಟ್ಟಲೆ ಬಾಳಿಕೆ ಬರುತ್ತದೆ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ವಾರ್ಫರಿನ್, ಅಸಿಟ್ರೋಮ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು.

ಟಿಶ್ಯೂ ವಾಲ್ವ್ ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಹೆಚ್ಚಿನವರಿಗೆ ಈ ಮಾತ್ರೆ ಕೆಲವು ತಿಂಗಳು ಸಾಕು. ಆದರೆ ಸಾಮಾನ್ಯವಾಗಿ 10ರಿಂದ 15 ವರ್ಷಗಳಲ್ಲಿ ಸವೆಯುತ್ತದೆ. ಯುವಕರಲ್ಲಿ ಇನ್ನೂ ಬೇಗ. ಆಗ ಮತ್ತೊಂದು ಚಿಕಿತ್ಸೆ ಬೇಕಾಗುತ್ತದೆ.

ವಯಸ್ಸು ಮತ್ತು ಆಯ್ಕೆ

ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳ 2020ರ ಮಾರ್ಗಸೂಚಿ ಪ್ರಕಾರ, ಮಹಾಪಧಮನಿ ವಾಲ್ವ್‌ಗೆ 50 ವರ್ಷದೊಳಗಿನವರಿಗೆ ಮೆಕ್ಯಾನಿಕಲ್, 65 ದಾಟಿದವರಿಗೆ ಟಿಶ್ಯೂ ಸೂಕ್ತ. ನಡುವಿನವರು ಡಾಕ್ಟರ್ ಜೊತೆ ಚರ್ಚಿಸಿ ತೀರ್ಮಾನಿಸಬೇಕು. ಮೈಟ್ರಲ್ ವಾಲ್ವ್ ಆದರೆ ಮೊದಲು ರಿಪೇರಿ ಸಾಧ್ಯವೇ ಎಂದು ನೋಡುತ್ತಾರೆ.

ಜಗತ್ತಿನೆಲ್ಲೆಡೆ ಒಲವು ಟಿಶ್ಯೂ ಕಡೆಗೆ ವಾಲುತ್ತಿದೆ. ಸವೆದ ಟಿಶ್ಯೂ ವಾಲ್ವ್‌ನೊಳಗೆ ಎದೆ ತೆರೆಯದೆ, ರಕ್ತನಾಳದ ಮೂಲಕ ಹೊಸದನ್ನು ಕೂರಿಸುವ ತಂತ್ರ ಬಂದಿರುವುದೂ ಇದಕ್ಕೆ ಕಾರಣ. ಆದರೆ ನಮ್ಮ ದೇಶದಲ್ಲಿ ಬಾಲ್ಯದ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟ ಯುವ ರೋಗಿಗಳೇ ಬಹಳ. ಅದಕ್ಕೇ ಇಲ್ಲಿ ಮೆಕ್ಯಾನಿಕಲ್ ಬಳಕೆ ಇನ್ನೂ ಹೆಚ್ಚು.

ನಮ್ಮದೇ ವಾಲ್ವ್

ಹೊರದೇಶದ ವಾಲ್ವ್ ದುಬಾರಿಯಾಗಿದ್ದ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡ ಭಾರತೀಯ ವಾಲ್ವ್ ರೂಪಿಸಿತು. ಮೊದಲ ಮೂರು ಮಾದರಿಗಳು ಕೈಕೊಟ್ಟವು. ನಾಲ್ಕನೆಯದನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಅದೇ ಟಿಟಿಕೆ ಚಿತ್ರಾ. ಇದುವರೆಗೆ 1 ಲಕ್ಷಕ್ಕೂ ಹೆಚ್ಚು ಮಂದಿಗೆ ಹಾಕಲಾಗಿದೆ. ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯೂ ಆದರು.

ಮಾತ್ರೆಯ ಶಿಸ್ತು

ಮೆಕ್ಯಾನಿಕಲ್ ವಾಲ್ವ್ ಇದ್ದವರು ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಲೇಬೇಕು. ಅದು ಸಾಮಾನ್ಯವಾಗಿ 2ರಿಂದ 3.5ರ ನಡುವೆ ಇರಬೇಕು. ನಿಮ್ಮ ಗುರಿ ಎಷ್ಟೆಂದು ಡಾಕ್ಟರ್ ಹೇಳುತ್ತಾರೆ. ಕಡಿಮೆಯಾದರೆ ಹೆಪ್ಪು, ಪಾರ್ಶ್ವವಾಯು, ಜಾಸ್ತಿಯಾದರೆ ರಕ್ತಸ್ರಾವ. ನೋವಿನ ಮಾತ್ರೆ, ಆ್ಯಂಟಿಬಯೋಟಿಕ್, ಸೊಪ್ಪಿನ ಪ್ರಮಾಣದಲ್ಲಿ ದಿಢೀರ್ ಬದಲಾವಣೆ ಕೂಡ ಇದನ್ನು ಏರುಪೇರು ಮಾಡುತ್ತವೆ. ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಮೆಕ್ಯಾನಿಕಲ್ ವಾಲ್ವ್‌ಗೆ ಸುರಕ್ಷಿತವಲ್ಲ. ಡಾಬಿಗಾಟ್ರಾನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ರಂಝಾನ್ ಉಪವಾಸದಲ್ಲಿ ಮಾತ್ರೆ ಬಿಡಬಾರದು. ದಿನಕ್ಕೊಮ್ಮೆಯ ಮಾತ್ರೆಯಾದ್ದರಿಂದ ರಾತ್ರಿಗೆ ಹೊಂದಿಸಬಹುದು. ಮೊದಲೇ ಡಾಕ್ಟರನ್ನು ಕೇಳಿ.

ಹೆಣ್ಣುಮಕ್ಕಳ ವಿಷಯ

ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದು. ಹಾಗಂತ ಮಾತ್ರೆ ಬಿಟ್ಟರೆ ತಾಯಿಯ ವಾಲ್ವ್‌ನಲ್ಲಿ ಹೆಪ್ಪುಗಟ್ಟಬಹುದು. ಮಕ್ಕಳು ಬೇಕೆನ್ನುವ ಯುವತಿಯರ ಜೊತೆ ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾತಾಡಬೇಕು. ತೀರ್ಮಾನ ಅವಳನ್ನು ಬಿಟ್ಟು ಆಗಬಾರದು.

ಯಾವ ಪ್ರಾಣಿಯದ್ದು?

ಟಿಶ್ಯೂ ವಾಲ್ವ್ ದನದ ಅಥವಾ ಹಂದಿಯ ಅಂಗಾಂಶದ್ದಾಗಿರುತ್ತದೆ. ದನದ ಹೃದಯಕವಚದಿಂದ ಮಾಡಿದ ವಾಲ್ವ್ ಭಾರತದಲ್ಲಿ ಲಭ್ಯ. ಸಂಕೋಚಪಡದೆ ಸರ್ಜನ್ ಬಳಿ ಕೇಳಿ. ಧಾರ್ಮಿಕ ಸಂಶಯ ಇದ್ದರೆ ಉಸ್ತಾದರ ಅಭಿಪ್ರಾಯವನ್ನೂ ಮೊದಲೇ ಪಡೆಯಿರಿ.

ಆಪರೇಷನ್‌ಗೆ ಮುನ್ನ ಕೇಳಿ

* ನಮ್ಮೂರಲ್ಲಿ ಐಎನ್‌ಆರ್ ಪರೀಕ್ಷೆ ಎಲ್ಲಿ ಆಗುತ್ತದೆ, ಖರ್ಚೆಷ್ಟು?
* ಸರಕಾರಿ ಆರೋಗ್ಯ ಯೋಜನೆಯಲ್ಲಿ ಯಾವ ವಾಲ್ವ್ ಸಿಗುತ್ತದೆ?
* ಎರಡನೇ ಶಸ್ತ್ರಚಿಕಿತ್ಸೆಯ ಸಾಧ್ಯತೆ ಎಷ್ಟು?
* ಹಲ್ಲು ಕೀಳಿಸುವಾಗ ಏನು ಎಚ್ಚರ ವಹಿಸಬೇಕು?

ವಾಲ್ವ್ ಕಾರ್ಡನ್ನು ಸದಾ ಜೇಬಿನಲ್ಲಿಡಿ. ಪರೀಕ್ಷೆಯ ದಿನ ನೆನಪಿಸುವ, ಲ್ಯಾಬ್‌ಗೆ ಕರೆದೊಯ್ಯುವ ಕೆಲಸವನ್ನು ಮನೆಯ ಯುವಕರು ವಹಿಸಿಕೊಂಡರೆ ಒಂದು ಜೀವ ಉಳಿದೀತು.