ಕೋಳಿಗೆ ಉತ್ತರ ಮೀನು

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಸಿರು ಮೈದಾನ, ಬಿಳಿಯ ಚೆಂಡು. ಅಮೆರಿಕದ ಈಶಾನ್ಯ ಭಾಗದ ಕಾಲೇಜುಗಳಲ್ಲಿ ಆ ಹೆಸರಿಗೆ ಬೇರೆಯೇ ಅರ್ಥ. ಅಲ್ಲಿ ಮೈದಾನವೆಂದರೆ ಮಂಜುಗಡ್ಡೆ. ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಆಟಗಾರರು ಓಡುವುದಿಲ್ಲ, ಜಾರುತ್ತಾರೆ. ಆ ಆಟದ ಸೋಲುಗೆಲುವುಗಳ ಲೆಕ್ಕ ಬರೆದಿಟ್ಟವರು ಬಹಳ ಮಂದಿ. ನನ್ನ ಕುತೂಹಲವೆಲ್ಲ ನೋಡಲು ಬಂದವರ ಮೇಲೆ.

ನ್ಯೂಯಾರ್ಕ್ ಸಂಸ್ಥಾನದ ಇಥಾಕಾ ಎಂಬ ಊರಿನ ಗುಡ್ಡದ ಮೇಲೆ ಕಾರ್ನೆಲ್ ವಿಶ್ವವಿದ್ಯಾನಿಲಯವಿದೆ. ಅಲ್ಲಿನ ಹುಡುಗರು ಬಹುಕಾಲ ಬೀಬಿ ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಆಡುತ್ತಿದ್ದರು. ಚಳಿ ಕೈಕೊಟ್ಟರೆ ಆಟಕ್ಕೂ ಸಂಚಕಾರ. 1957ರಲ್ಲಿ ಸೂರಿರುವ ಲೈನಾ ಕ್ರೀಡಾಂಗಣ ಸಿದ್ಧವಾಯಿತು. 1963ರಲ್ಲಿ ನೆಡ್ ಹಾರ್ಕ್‌ನೆಸ್ ತಂಡದ ಶಿಕ್ಷಕರಾದರು. 1967ರಲ್ಲಿ ಕಾಲೇಜುಗಳ ರಾಷ್ಟ್ರ ಪ್ರಶಸ್ತಿ ಬಂತು. 1970ರಲ್ಲಿ ಆಡಿದ 29 ಆಟಗಳನ್ನೂ ಗೆದ್ದು ಮತ್ತೊಮ್ಮೆ ಬಂತು.

ಗೆಲ್ಲುವ ತಂಡಕ್ಕೆ ಜನ ಸೇರುವುದು ಸೋಜಿಗವಲ್ಲ. ಆದರೆ ಇಲ್ಲಿನ ವಿದ್ಯಾರ್ಥಿಗಳು ಬರಿಯ ಚಪ್ಪಾಳೆಗೆ ತೃಪ್ತರಾಗದೆ, ತಾವೂ ಒಂದು ತಂಡವೆಂದೇ ಬಗೆದರು. ಟಿಕೆಟ್ಟಿಗಾಗಿ ರಾತ್ರಿಯೆಲ್ಲ ಸಾಲಿನಲ್ಲಿ ಮಲಗಿದರು. ಹಸುವಿನ ಕೊರಳ ಗಂಟೆ ಬಾರಿಸಿದರು. ಎದುರು ತಂಡದ ಗೋಲ್‌ರಕ್ಷಕನನ್ನು ‘ಜರಡಿ, ಜರಡಿ’ ಎಂದು ಒಕ್ಕೊರಲಿನಿಂದ ಕೂಗಿದರು. ಅವನ ಬಳಿ ಏನೂ ನಿಲ್ಲದು, ಎಲ್ಲವೂ ಸೋರಿಹೋಗುವುದೆಂದು ತಾತ್ಪರ್ಯ. ಬಂದ ತಂಡದವರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಹೇಳುವಾಗ ಎಲ್ಲರೂ ವಿದ್ಯಾರ್ಥಿ ಪತ್ರಿಕೆಯನ್ನು ಮುಖದ ಮುಂದೆ ಹಿಡಿದು ಓದುವ ನಟನೆ ಮಾಡುವುದು ಇನ್ನೊಂದು ಸಂಪ್ರದಾಯ. ಪತ್ರಿಕೆಗೆ ಇಂಥ ಉಪಯೋಗವೂ ಉಂಟೆಂಬುದನ್ನು ವಾಚಕರು ಗಮನಿಸಬೇಕು!

ಗದ್ದಲವನ್ನು ಮೊದಲೇ ಗೊತ್ತುಮಾಡಿ ಏರ್ಪಡಿಸುವ ಪದ್ಧತಿಯೂ ಇದೆ. ಹಾರ್ಕ್‌ನೆಸ್ ಅವರು ಹಿಂದೆ ಇದ್ದ, 1954ರಲ್ಲಿ ರಾಷ್ಟ್ರ ಪ್ರಶಸ್ತಿ ಗಳಿಸಿಕೊಟ್ಟಿದ್ದ, ಟ್ರಾಯ್ ಊರಿನ ರೆನ್ಸೆಲೇರ್ ಪಾಲಿಟೆಕ್ನಿಕ್ಕಿನಲ್ಲಿ 1970ರ ದಶಕದ ಕೊನೆಯಿಂದ ವರ್ಷಕ್ಕೊಂದು ಆಟವನ್ನು ಇದಕ್ಕೆಂದೇ ಮೀಸಲಿಟ್ಟರು. ಹೆಸರು ‘ಬಿಗ್ ರೆಡ್ ಫ್ರೀಕೌಟ್’. ಬಂದವರಿಗೆ ಏನಾದರೊಂದು ಉಡುಗೊರೆ. ನೌಕಾಪಡೆಗೆ ಬೇಡವಾದ ಉಗ್ರಾಣವನ್ನು ತಂದು ನಿಲ್ಲಿಸಿ 1949ರಲ್ಲಿ ತೆರೆದ ಕ್ರೀಡಾಂಗಣ ಅವರದು. ಅಂದು ಅದು ತುಂಬಿ ತುಳುಕುತ್ತದೆ. ಆದರೂ ಹಂಚಿದ ಉತ್ಸಾಹಕ್ಕೂ ತಾನಾಗಿ ಉಕ್ಕಿದ ಉತ್ಸಾಹಕ್ಕೂ ಅಂತರವಿದೆ ಎಂದೇ ನನ್ನ ಭಾವನೆ.

ತಾನಾಗಿ ಉಕ್ಕಿದ್ದೆಲ್ಲ ಸವಿಯೇ ಎಂದಲ್ಲ. ಹಾರ್ವರ್ಡ್ 1636ರಷ್ಟು ಹಳೆಯದು. ಕಾರ್ನೆಲ್ ಹುಟ್ಟಿದ್ದು 1865ರಲ್ಲಿ; ರೈತರ, ಕುಶಲಕರ್ಮಿಗಳ ಮಕ್ಕಳಿಗೂ ಉಚ್ಚಶಿಕ್ಷಣ ದೊರೆಯಲೆಂದು ಸರಕಾರ ಭೂಮಿ ಕೊಟ್ಟ 1862ರ ಮಾರಿಲ್ ಶಾಸನದ ನೆರವು ಅದಕ್ಕಿತ್ತು. ಅದರ ಕೃಷಿ ಕಾಲೇಜು ಹೆಸರಾದದ್ದು. 1973ರಲ್ಲಿ ಹಾರ್ವರ್ಡಿನಲ್ಲಿ ನಡೆದ ಆಟದಲ್ಲಿ ಆ ಕಡೆಯ ಅಭಿಮಾನಿಯೊಬ್ಬ ಕಾರ್ನೆಲ್ಲಿನ ಗೋಲ್‌ರಕ್ಷಕನತ್ತ ಒಂದು ಕೋಳಿಯನ್ನು ಎಸೆದ. ನೀವು ಕೋಳಿ ಸಾಕಲು ಕಲಿಯುವವರು ಎಂಬ ಮೂದಲಿಕೆ. ಹಾರ್ವರ್ಡ್ ತಂಡ ಇಥಾಕಾಕ್ಕೆ ಬಂದಾಗ ಇತ್ತಣಿಂದ ಮೀನಿನ ಮಳೆ. ಹಾರ್ವರ್ಡಿನ ನೆರೆಯ ಬಾಸ್ಟನ್ ಮೀನುಗಾರಿಕೆಗೆ ಪ್ರಸಿದ್ಧ. ಅಲ್ಲಿನ ಶಾಸನಸಭೆಯಲ್ಲಿ ಮರದ ಕಾಡ್ ಮೀನೊಂದನ್ನೇ ಗೌರವದಿಂದ ತೂಗುಹಾಕಿದ್ದಾರೆ.

ಉತ್ತರ ಚುರುಕಾಗಿತ್ತು, ನಗು ಬರುತ್ತದೆ. ಆದರೆ ಬೇರೊಂದು ಉತ್ತರವೂ ಸಾಧ್ಯವಿತ್ತು. ‘ಹೌದು, ಕೋಳಿ ಸಾಕುತ್ತೇವೆ, ಅದರಲ್ಲೇನು ಕೊರತೆ?’ ಎನ್ನಬಹುದಿತ್ತು. ಹಾಗೆನ್ನದೆ, ಕೋಳಿ ಸಾಕುವವನ ದುಡಿಮೆಯನ್ನು ಬೈಗುಳವೆಂದು ಒಪ್ಪಿಕೊಂಡು, ಬಲೆ ಬೀಸುವವನ ದುಡಿಮೆಯನ್ನು ಬೈಗುಳವಾಗಿ ತಿರುಗಿಸಿದರು. ಈ ಜಗಳದಲ್ಲಿ ಆ ಇಬ್ಬರೂ ಇರಲಿಲ್ಲ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಹಾರ್ವರ್ಡ್ ಬರುವ ದಿನ ವಿದ್ಯಾರ್ಥಿಗಳು ಕೋಟಿನೊಳಗೆ ಮೀನು ಬಚ್ಚಿಟ್ಟು ತರುತ್ತಾರೆ. ಎದುರಾಳಿಗಳು ಮಂಜಿನ ಮೇಲೆ ಕಾಲಿಟ್ಟೊಡನೆ ಎಸೆತ. ಬಳಿಕ ಕೆಲಸದವರು ಬಂದು ಬಳಿದು ತೆಗೆಯುತ್ತಾರೆ. ಆಟ ಆರಂಭವಾದ ಮೇಲೆ ಮೀನು ಬಿದ್ದರೆ ಮಾತ್ರ ದಂಡ ಆತಿಥೇಯರಿಗೆ: ಅವರ ಒಬ್ಬ ಆಟಗಾರ 2 ನಿಮಿಷ ಹೊರಗೆ ಕೂರಬೇಕು. ಎಸೆದವನು ಗ್ಯಾಲರಿಯಲ್ಲಿಯೇ ನಿಂತಿರುತ್ತಾನೆ. ಅವನ ತಂಡ ಒಬ್ಬ ಕಡಿಮೆಯಾಗಿ ಆಡುತ್ತದೆ.